ಮಿನೆಸೋಟಾದ ಹಿತ್ತಲಿಗೆ ಮಳೆ ನಕ್ಷತ್ರದ ಲೆಕ್ಕ: ಮಾರ್ಚಿನಿಂದ ಜೂನ್‌ವರೆಗಿನ ತೋಟದ ಕೆಲಸ

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಮನೆ ಕೊಂಡ ಮೊದಲ ವರ್ಷ ನಾನು ಟೊಮೆಟೊ ಸಸಿ ನೆಟ್ಟದ್ದು ಏಪ್ರಿಲ್ 20ರಂದು. ಅಂಗಡಿಯಲ್ಲಿ ಸಸಿ ಮಾರುತ್ತಿದ್ದರು, ಬಿಸಿಲು ಚೆನ್ನಾಗಿತ್ತು, ಪಕ್ಕದ ಮನೆಯ ಹುಡುಗರು ಚಡ್ಡಿ ತೊಟ್ಟು ಓಡಾಡುತ್ತಿದ್ದರು. ಇನ್ನೇನು ಬೇಕು? ಮೂರನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಸಸಿಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಮಡಿಯ ಮೇಲೆ ಮಲಗಿದ್ದವು. ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಯಾವ ಮಳೇಲಿ ನೆಟ್ಟೆ?"

ತುಮಕೂರು ಸೀಮೆಯ ನಮ್ಮೂರಲ್ಲಿ ಬಿತ್ತನೆಯ ಲೆಕ್ಕ ತಾರೀಖಿನಲ್ಲಿಲ್ಲ, ಮಳೆ ನಕ್ಷತ್ರದಲ್ಲಿದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ, ಆ ಅವಧಿಯ ಮಳೆಗೆ ಆ ನಕ್ಷತ್ರದ ಹೆಸರು. ಮಳೆಗಾಲವೇ ಇಲ್ಲದ, ಹಿಮ ಬೀಳುವ ಊರಿಗೆ ಅದೇನು ಪ್ರಯೋಜನ ಅಂತ ಆಗ ನಕ್ಕುಬಿಟ್ಟಿದ್ದೆ. ಆಮೇಲೆ ಗೋಡೆಯ ಪಂಚಾಂಗ ತೆಗೆದು ನೋಡಿದೆ. ಅಶ್ವಿನಿ ಏಪ್ರಿಲ್ 14ರ ಸುಮಾರಿಗೆ ಹುಟ್ಟುತ್ತದೆ, ಭರಣಿ 27ಕ್ಕೆ, ಕೃತ್ತಿಕೆ ಮೇ 11ಕ್ಕೆ, ರೋಹಿಣಿ ಮೇ 25ಕ್ಕೆ. ಟ್ವಿನ್ ಸಿಟೀಸ್ (ಮಿನಿಯಾಪೊಲಿಸ್-ಸೇಂಟ್ ಪಾಲ್ ಅವಳಿ ನಗರ) ಕಡೆಯ ಹಳೆಯ ತೋಟಗಾರರನ್ನು ಕೇಳಿ ನೋಡಿ: ಬಟಾಣಿ ಏಪ್ರಿಲ್ ನಡುವೆ, ಲಾನಿನ ಕೆಲಸ ಏಪ್ರಿಲ್ ಕೊನೆಗೆ, ಫ್ರಾಸ್ಟಿನ, ಅಂದರೆ ಗಿಡ ಸುಡುವ ರಾತ್ರಿ ಹೆಪ್ಪಿನ, ಭಯ ಕಳೆಯುವುದು ತಾಯಂದಿರ ದಿನ (ಮೇ ಎರಡನೆಯ ಭಾನುವಾರ) ದಾಟಿದ ಮೇಲೆ, ಬದನೆ-ಬೆಂಡೆ ಮೆಮೋರಿಯಲ್ ಡೇ (ಮೇ ಕೊನೆಯ ಸೋಮವಾರ) ಹೊತ್ತಿಗೆ. ಅಳತೆ ಕೊಟ್ಟು ಹೊಲಿಸಿದಂತೆ ಎರಡೂ ಕೂಡುತ್ತವೆ. ಇದು ಬರೀ ಕಾಕತಾಳೀಯ, ಇದರಲ್ಲಿ ಮಹಿಮೆಯೇನೂ ಇಲ್ಲ. ಆದರೆ ನೆನಪಿಡಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ. ಅಂದಿನಿಂದ ನನ್ನ ಹಿತ್ತಲಿನ ಕೆಲಸವೆಲ್ಲ ಇದೇ ಲೆಕ್ಕದಲ್ಲಿ ನಡೆಯುತ್ತಿದೆ. ಮಿನಿಯಾಪೊಲಿಸ್ ಸುತ್ತಮುತ್ತಲ ತೋಟಕ್ಕೆ ಇದು ಸರಿ. ಉತ್ತರದ ಡುಲುತ್ ಕಡೆಯವರು ಎಲ್ಲವನ್ನೂ ಒಂದೆರಡು ವಾರ ಮುಂದಕ್ಕೆ ಹಾಕಿಕೊಳ್ಳಿ.

ಶುರುವಿಗೆ ಮುಂಚೆ ಒಂದು ತಪ್ಪು ತಿಳಿವಳಿಕೆ ತೆಗೆದುಬಿಡೋಣ. ಸಸಿ ಚೀಟಿಯ ಮೇಲಿರುವ 'ಝೋನ್' ಅಂಕಿ ಚಳಿಗಾಲದ ಅತಿ ಕಡಿಮೆ ಉಷ್ಣತೆಯ ಲೆಕ್ಕ. ಝೋನ್ 4 ಎಂದರೆ ಮೈನಸ್ 30ರಿಂದ ಮೈನಸ್ 20 ಡಿಗ್ರಿ ಫ್ಯಾರನ್‌ಹೀಟ್, ಝೋನ್ 5 ಎಂದರೆ ಮೈನಸ್ 20ರಿಂದ ಮೈನಸ್ 10. ಅಮೆರಿಕದ ಕೃಷಿ ಇಲಾಖೆ 2023ರಲ್ಲಿ ಹೊಸ ನಕ್ಷೆ ತಂದು ಮಿನಿಯಾಪೊಲಿಸ್ ನಗರವನ್ನು 4ರಿಂದ 5ಕ್ಕೆ ಏರಿಸಿದಾಗ, ಇನ್ನು ಟೊಮೆಟೊ ಬೇಗ ನೆಡಬಹುದು ಎಂದುಕೊಂಡವರು ನಮ್ಮಲ್ಲೇ ಕೆಲವರಿದ್ದರು. ವರ್ಷದಲ್ಲಿ ಸಾಯುವ ತರಕಾರಿಗೂ ಆ ಅಂಕಿಗೂ ಸಂಬಂಧವಿಲ್ಲ. ದಾಸವಾಳ, ಗುಲಾಬಿ, ಸೇಬಿನ ಮರ ಚಳಿಗಾಲ ದಾಟುತ್ತವೋ ಇಲ್ಲವೋ ಎಂಬುದಕ್ಕಷ್ಟೇ ಅದು ಉತ್ತರ.

ಉತ್ತರಾಭಾದ್ರೆ: ಮಾರ್ಚ್ ನಡುವಿನಿಂದ, ಮನೆಯೊಳಗೆ

ಹೊರಗೆ ಹಿಮ, ಒಳಗೆ ಯುಗಾದಿಯ ತಯಾರಿ. ಈಗಿನ ಕೆಲಸ ಬೀಜದ್ದು. ಮೆಣಸಿನಕಾಯಿ, ಬದನೆಗೆ ನೆಡುವ ದಿನಕ್ಕಿಂತ ಎಂಟರಿಂದ ಹತ್ತು ವಾರ ಮುಂಚೆ ಬೀಜ ಬೀಳಬೇಕು. ರೋಹಿಣಿಗೆ ನೆಡುವುದಾದರೆ ಮಾರ್ಚ್ 17-25ರೊಳಗೆ ಹಾಕಿ. ಟೊಮೆಟೊಗೆ ಆರರಿಂದ ಎಂಟು ವಾರ ಸಾಕು, ಅಂದರೆ ಏಪ್ರಿಲ್ ಮೊದಲ ವಾರ. ಇನ್ನೂ ಬೇಗ ಹಾಕಿದರೆ ಮೇ ಹೊತ್ತಿಗೆ ಸಸಿ ಸೊರಗಿ ಉದ್ದಕ್ಕೆ ಬೆಳೆದು, ಜಾಗ ಸಾಲದೆ ಊಟದ ಮೇಜನ್ನೂ ಹಿಡಿಯುತ್ತದೆ.

ಮೆಣಸಿನ ಬೀಜ ಮೊಳೆಯಲು ಮಣ್ಣು 75ರಿಂದ 85 ಡಿಗ್ರಿ ಬೆಚ್ಚಗಿರಬೇಕು (ಇಲ್ಲೂ ಮುಂದೆಯೂ ಡಿಗ್ರಿ ಎಂದರೆ ಫ್ಯಾರನ್‌ಹೀಟೇ). ಮಿನೆಸೋಟಾದ ಮನೆಯ ಕಿಟಕಿ ಕಟ್ಟೆ ಮಾರ್ಚಿನಲ್ಲಿ ಆ ಬಿಸಿ ಕೊಡುವುದಿಲ್ಲ. ಸಸಿ ಟ್ರೇ ಅಡಿಯಲ್ಲಿಡುವ ಹೀಟ್ ಮ್ಯಾಟ್ ಒಂದು ತನ್ನಿ, ಎಷ್ಟೋ ವರ್ಷ ಬಾಳುತ್ತದೆ. ಮೊಳಕೆ ಕಂಡ ತಕ್ಷಣ ಮ್ಯಾಟ್ ತೆಗೆದು ದೀಪ ಕೊಡಿ. ಅಂಗಡಿಯ ಸಾಧಾರಣ ಎಲ್‌ಇಡಿ ಟ್ಯೂಬೇ ಸಾಕು, ಎಲೆಗಿಂತ ಮೂರು-ನಾಲ್ಕು ಇಂಚು ಮೇಲೆ, ದಿನಕ್ಕೆ 14ರಿಂದ 16 ಗಂಟೆ. ಕಿಟಕಿಯ ಬೆಳಕನ್ನೇ ನಂಬಿದರೆ ಸಸಿಗಳು ಬಸ್ಸಿಗೆ ಕಾಯುವವರ ಹಾಗೆ ಒಂದೇ ಕಡೆ ಕತ್ತು ಚಾಚಿಕೊಂಡಿರುತ್ತವೆ.

ಸಸಿಯ ಬುಡ ದಾರದಂತೆ ಸಣ್ಣಗಾಗಿ ರಾತ್ರೋರಾತ್ರಿ ಬೀಳುವ ರೋಗವಿದೆ. ಹಳೆಯ ಕುಂಡ, ಹಿತ್ತಲ ಮಣ್ಣು, ಮೇಲಿಂದ ಸುರಿದ ನೀರು ಮೂರೂ ಸೇರಿದರೆ ಅದು ಬಂದೇ ಬರುತ್ತದೆ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಹಾಕಿ ಕುಂಡ ತೊಳೆಯಿರಿ, ಸಸಿಗೆಂದೇ ಮಾರುವ ಹೊಸ ಮಿಶ್ರಣ ತುಂಬಿ, ನೀರನ್ನು ತಟ್ಟೆಯಲ್ಲಿಟ್ಟು ಕೆಳಗಿನಿಂದ ಕುಡಿಸಿ. ಸಣ್ಣ ಫ್ಯಾನ್ ಒಂದು ಮೆಲ್ಲಗೆ ತಿರುಗುತ್ತಿರಲಿ.

ಮರ ಸವರುವ ಕೆಲಸವೂ ಇದೇ ಹೊತ್ತಿಗೆ. ಸೇಬಿನ ಮರವನ್ನು ಮೊಗ್ಗು ಒಡೆಯುವ ಮುಂಚೆ ಸವರಬೇಕು. ಹೈಡ್ರೇಂಜಿಯಾ ಹೂಪೊದೆಯಲ್ಲಿ ಅನಬೆಲ್ ಎಂಬ ಬಿಳಿ ಹೂವಿನ ಜಾತಿ, ಕೋನಾಕಾರದ ಗೊಂಚಲಿನ ಪ್ಯಾನಿಕ್ಯುಲೇಟಾ ಜಾತಿ ಹೊಸ ಚಿಗುರಿನಲ್ಲೇ ಹೂ ಬಿಡುತ್ತವೆ, ಈಗ ಕತ್ತರಿಸಬಹುದು. ಲೈಲಾಕ್ ಎಂಬ ಹೂಪೊದೆಯನ್ನು ಮಾತ್ರ ಮುಟ್ಟಬೇಡಿ. ಅದರ ಹೂಮೊಗ್ಗು ಹೋದ ಬೇಸಿಗೆಯಲ್ಲೇ ಕಟ್ಟಿಯಾಗಿದೆ, ಈಗ ಸವರಿದರೆ ಈ ವರ್ಷದ ಹೂವನ್ನು ಕಸಕ್ಕೆ ಹಾಕಿದ ಹಾಗೆ. ಇನ್ನು ಓಕ್. ಏಪ್ರಿಲ್‌ನಿಂದ ಜುಲೈವರೆಗೆ ಓಕ್ ಮರಕ್ಕೆ ಗರಗಸ ತಗಲಬಾರದು. ಗಾಯದ ವಾಸನೆಗೆ ಬರುವ ದುಂಬಿಗಳು ಓಕ್ ವಿಲ್ಟ್ ಎಂಬ ಶಿಲೀಂಧ್ರ ರೋಗವನ್ನು ಹೊತ್ತು ತರುತ್ತವೆ. ಕೆಂಪು ಓಕಿಗೆ ತಗುಲಿದರೆ ಅದೇ ಬೇಸಿಗೆಯಲ್ಲಿ ಮರ ಒಣಗಬಹುದು, ಬೇರಿನ ಮೂಲಕ ಪಕ್ಕದ ಮನೆಯ ಮರಕ್ಕೂ ದಾಟಬಹುದು. ಮಾರ್ಚ್ ತಪ್ಪಿಸಿಕೊಂಡರೆ ಚಳಿಗಾಲದವರೆಗೆ ತಡೆಯಿರಿ.

ರೇವತಿ: ಹಿಮ ಕರಗುವ ಹೊತ್ತು

ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಹಿತ್ತಲಿಗೆ ಇಳಿಯುವ ಆಸೆ ವಿಪರೀತ. ಇಳಿಯದಿರುವುದೇ ಈಗಿನ ಮುಖ್ಯ ಕೆಲಸ. ಮೇಲಿನ ಎರಡಿಂಚು ಮಣ್ಣು ಕರಗಿ ಕೆಸರಾಗಿರುತ್ತದೆ, ಅದರಡಿ ಇನ್ನೂ ಹೆಪ್ಪುಗಟ್ಟಿದ ನೆಲ. ನೀರು ಇಂಗಲು ದಾರಿಯಿಲ್ಲ. ಅಂಥ ಲಾನಿನ ಮೇಲೆ ನಡೆದರೆ ಮಣ್ಣು ಅಮುಕಿ ಗಟ್ಟಿಯಾಗಿ ಬೇಸಿಗೆಯಿಡೀ ಹುಲ್ಲು ಏಳುವುದಿಲ್ಲ.

ಹಾಗಾದರೆ ಕಾಂಕ್ರೀಟಿನ ಮೇಲೆ ನಿಂತೇ ಮಾಡಬಹುದಾದ್ದನ್ನು ಮಾಡಿ. ಮೊದಲು ಹೊರಗಿನ ನಲ್ಲಿ. ಚಳಿಗಾಲದಲ್ಲಿ ಹೋಸ್ ಪೈಪ್ ತೆಗೆಯಲು ಮರೆತಿದ್ದರೆ ಗೋಡೆಯೊಳಗಿನ ಕೊಳವೆ ಒಡೆದಿರುವ ಸಾಧ್ಯತೆ ಇದೆ, ಅದು ಗೊತ್ತಾಗುವುದು ಬೇಸ್‌ಮೆಂಟ್ ಒದ್ದೆಯಾದ ಮೇಲೆಯೇ. ನಲ್ಲಿ ತಿರುಗಿಸಿ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ನೀರು ಸುಲಭವಾಗಿ ನಿಂತುಬಿಟ್ಟರೆ ಅನುಮಾನ ಪಡಿ: ಒಳಗೆಲ್ಲೋ ಸೋರುತ್ತಿರಬಹುದು. ಕೂಡಲೇ ನಿಲ್ಲಿಸಿ ಪ್ಲಂಬರನ್ನು ಕರೆಯಿರಿ. ಸೂರಿನ ದೋಣಿಯಿಂದ ಇಳಿಯುವ ಪೈಪುಗಳ ತುದಿ ಗೋಡೆಯ ಬುಡಕ್ಕೇ ನೀರು ಸುರಿಯುತ್ತಿದೆಯೇ ನೋಡಿ ದೂರಕ್ಕೆ ತಿರುಗಿಸಿ. ಬೇಸ್‌ಮೆಂಟಿನಲ್ಲಿ ಸೇರುವ ನೀರನ್ನು ಹೊರಹಾಕುವ ಸಂಪ್ ಪಂಪಿನ ಗುಂಡಿಗೆ ಒಂದು ಬಕೆಟ್ ನೀರು ಸುರಿದು ಓಡುತ್ತದೆಯೇ ಪರೀಕ್ಷಿಸಿ.

ರಸ್ತೆಯಂಚಿನ ಹುಲ್ಲು ಚಳಿಗಾಲವಿಡೀ ಉಪ್ಪು ತಿಂದಿರುತ್ತದೆ. ನೆಲ ಪೂರ್ತಿ ಕರಗಿ ನೀರು ಇಂಗತೊಡಗಿದ ಮೇಲೆ ಆ ಅಂಚಿಗೆ ಮೂರು-ನಾಲ್ಕು ಸಲ ಧಾರಾಳವಾಗಿ ನೀರು ಹರಿಸಿದರೆ ಉಪ್ಪು ಬೇರಿನಿಂದ ಕೆಳಗಿಳಿಯುತ್ತದೆ. ಲಾನಿನ ಮೇಲೆ ಬೂದು ಅಥವಾ ನಸುಗೆಂಪು ಬೂಸಲಿನ ವೃತ್ತಗಳು ಕಂಡರೆ ಗಾಬರಿ ಬೇಡ, ಅದು ಹಿಮದಡಿ ಬೆಳೆವ ಸ್ನೋ ಮೋಲ್ಡ್. ಹುಲ್ಲು ಒಣಗಿದ ಮೇಲೆ ರೇಕ್‌ನಿಂದ ಮೆಲ್ಲಗೆ ಕೆದಕಿ ಗಾಳಿಯಾಡಿಸಿ, ಔಷಧಿಗೆ ದುಡ್ಡು ಹಾಕಬೇಡಿ. ಹಾವು ಹರಿದಂತೆ ಅಂಕುಡೊಂಕು ಹಾದಿಗಳು ಕಂಡರೆ ಅದು ವೋಲ್ ಎಂಬ ಮೋಟು ಬಾಲದ ಇಲಿಯ ಕೆಲಸ. ಹುಲ್ಲು ತಾನೇ ತುಂಬಿಕೊಳ್ಳುತ್ತದೆ. ಎಳೆ ಮರಗಳ ಕಾಂಡಕ್ಕೆ ಸುತ್ತಿದ ಬಿಳಿ ಪಟ್ಟಿ ಈಗ ಬಿಚ್ಚಿ. ಮೊಲ ಕಾಯುವ ಜಾಲರಿಯನ್ನು ಮಾತ್ರ ತೆಗೆಯಬೇಡಿ, ಮೊಲಕ್ಕೆ ರಜೆಯಿಲ್ಲ.

ಅಶ್ವಿನಿ: ಮಣ್ಣಿನ ಹದ, ಮೊದಲ ಬಿತ್ತನೆ

ಮಣ್ಣು ಹದಕ್ಕೆ ಬಂತೇ ಎಂದು ತಿಳಿಯಲು ಯಂತ್ರ ಬೇಡ. ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ, ಬೆರಳಿನಿಂದ ತಿವಿಯಿರಿ. ಪುಡಿಪುಡಿಯಾಗಿ ಉದುರಿದರೆ ಹದ. ರಾಗಿಮುದ್ದೆಯ ಹಾಗೆ ನಿಂತರೆ ಇನ್ನೂ ನಾಲ್ಕು ದಿನ ಬಿಡಿ. ಒದ್ದೆಯಲ್ಲಿ ಅಗೆದ ಮಣ್ಣು ಒಣಗಿದ ಮೇಲೆ ಇಟ್ಟಿಗೆಯಂಥ ಹೆಂಟೆಯಾಗುತ್ತದೆ, ಆ ವರ್ಷ ಅದನ್ನು ಒಡೆಯುವವರಿಲ್ಲ. ನಮ್ಮವರು 'ಬೆದೆ' ಅನ್ನುವುದು ಆ ಹದವನ್ನೇ. ನೆಲಕ್ಕೆ ಚುಚ್ಚುವ ಥರ್ಮಾಮೀಟರ್ ಒಂದನ್ನು ಮಾತ್ರ ಕೊಳ್ಳಿ ಎನ್ನುತ್ತೇನೆ. ಮುಂದಿನ ಅರ್ಧ ನಿರ್ಧಾರಗಳು ಅದರಿಂದಲೇ.

ಹೊಸದಾಗಿ ಗುಂಡಿ ತೋಡುವುದಿದ್ದರೆ, ಗಿಡ ನೆಡಲೇ ಇರಲಿ, ಚಪ್ಪರದ ಕಂಬಕ್ಕೇ ಇರಲಿ, ಮೊದಲು 811ಕ್ಕೆ ಕರೆ ಮಾಡಿ. ಪುಕ್ಕಟೆ. ಅವರು ಬಂದು ಗ್ಯಾಸ್, ವಿದ್ಯುತ್, ಕೇಬಲ್ ಹಾದುಹೋದ ಕಡೆ ಬಣ್ಣದ ಗುರುತು ಹಾಕುತ್ತಾರೆ. ಎರಡು-ಮೂರು ಕೆಲಸದ ದಿನ ಮೊದಲೇ ಹೇಳಬೇಕು. ಶನಿವಾರ ಬೆಳಿಗ್ಗೆ ಗುದ್ದಲಿ ಹಿಡಿದು ನಿಂತು ನೆನಪಾದರೆ ಪ್ರಯೋಜನವಿಲ್ಲ.

ಮಣ್ಣು 40-45 ಡಿಗ್ರಿ ಮುಟ್ಟಿದರೆ ಬಟಾಣಿ, ಪಾಲಕ್, ಮೂಲಂಗಿ, ಲೆಟಿಸ್ ಬಿತ್ತಬಹುದು. ನಮಗೆ ಮುಖ್ಯವಾದ ಮೆಂತ್ಯ, ಕೊತ್ತಂಬರಿ ಎರಡಕ್ಕೂ ತಂಪೇ ಹಿತ. ಇಲ್ಲಿ ಬಂದವರು ಸಾಮಾನ್ಯವಾಗಿ ಕೊತ್ತಂಬರಿಯನ್ನು ಜೂನ್‌ನಲ್ಲಿ ಟೊಮೆಟೊ ಜೊತೆ ಹಾಕಿ, ಸೊಪ್ಪು ಬರುವ ಮುಂಚೆಯೇ ಹೂ ಬಂತು ಎಂದು ಗೊಣಗುತ್ತಾರೆ. ಬಿಸಿಲು ಏರಿದರೆ, ಹಗಲು ಉದ್ದವಾದರೆ ಅದು ಹೂವಿಗೇ ಹೋಗುವುದು. ಅಶ್ವಿನಿಯಲ್ಲಿ ಹಾಕಿ, ಹದಿನೈದು ದಿನಕ್ಕೊಮ್ಮೆ ಇನ್ನೊಂದು ಸಾಲು ಹಾಕುತ್ತ ಹೋಗಿ. ಅಡುಗೆಮನೆ ಡಬ್ಬಿಯ ಮೆಂತ್ಯವೇ ಸಾಕು, ರಾತ್ರಿ ನೆನೆಸಿ ಬಿತ್ತಿದರೆ ಒಂದು ವಾರದಲ್ಲಿ ತಲೆ ಎತ್ತುತ್ತದೆ. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ ಇಬ್ಭಾಗ ಮಾಡಿ ಹಾಕಿ.

ಹೋದ ಅಕ್ಟೋಬರಿನಲ್ಲಿ ಬೆಳ್ಳುಳ್ಳಿ ನೆಟ್ಟಿದ್ದರೆ ಅದರ ಮೇಲಿನ ಹುಲ್ಲಿನ ಹೊದಿಕೆಯನ್ನು ಅರ್ಧ ಸರಿಸಿ. ಹಳದಿ ಮೊಳಕೆಗಳು ಎರಡು ದಿನದಲ್ಲಿ ಹಸಿರಾಗುವುದನ್ನು ನೋಡುವುದೇ ಒಂದು ಸಂಭ್ರಮ.

ತರಗೆಲೆಯ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿದೆ. ಮೊದಲು ಹಿಮ ಕರಗಿದ ಭಾನುವಾರವೇ ಎಲ್ಲ ಗುಡಿಸಿ ಕಾಗದದ ಚೀಲಗಳಿಗೆ ತುಂಬುತ್ತಿದ್ದೆ. ಆ ಎಲೆಗಳಡಿ, ಒಣ ಕಾಂಡಗಳ ಟೊಳ್ಳಿನೊಳಗೆ ಚಿಟ್ಟೆ, ಜೇನು, ದುಂಬಿಗಳು ಚಳಿಗಾಲ ಕಳೆಯುತ್ತಿರುತ್ತವೆ. ಹಗಲ ಉಷ್ಣತೆ ಹಲವು ದಿನ 50 ಡಿಗ್ರಿ ದಾಟುವವರೆಗೆ ಹೂಮಡಿಯ ಎಲೆ ಮುಟ್ಟುವುದಿಲ್ಲ ಈಗ. ಆಮೇಲೂ ಒಣ ಕಾಂಡಗಳನ್ನು ಬುಡಕ್ಕೆ ಕತ್ತರಿಸದೆ, ಒಂದೂವರೆ ಅಡಿ ಮೋಟು ಉಳಿಸುತ್ತೇನೆ. ಒಂಟಿ ಜೇನುಗಳಿಗೆ ಅದೇ ಬಾಣಂತಿ ಕೋಣೆ. ತುಕ್ಕಿನ ಬಣ್ಣದ ಚುಕ್ಕೆಯ ಬಂಬಲ್‌ಬೀಯನ್ನು ಮಿನೆಸೋಟಾ 2019ರಲ್ಲಿ ರಾಜ್ಯದ ಜೇನಾಗಿ ಘೋಷಿಸಿದೆ. ಅಳಿವಿನಂಚಿನ ಜೀವಿ ಅದು. ಲಾನಿನ ಮೇಲಿನ ದಪ್ಪ ಎಲೆಪದರ ಬೇರೆ ಮಾತು, ಅದು ಹುಲ್ಲನ್ನು ಉಸಿರುಗಟ್ಟಿಸುತ್ತದೆ. ನೆಲ ಒಣಗಿದ ಕೂಡಲೇ ತೆಗೆದು ಪೊದೆಗಳ ಬುಡಕ್ಕೆ ಹಾಕಿ.

ಎರೆಹುಳುವಿನ ಬಗ್ಗೆ ಒಂದು ಮಾತು. ರೈತನ ಮಿತ್ರ ಎಂದು ಶಾಲೆಯಲ್ಲಿ ಓದಿದ ನಮಗೆ ಇದನ್ನು ಒಪ್ಪುವುದು ಕಷ್ಟ. ಹಿಮಯುಗದ ಹಿಮನದಿಗಳು ಹಾದುಹೋದ ಈ ನೆಲದಲ್ಲಿ ಸ್ವಂತದ ಎರೆಹುಳುಗಳೇ ಇಲ್ಲ, ಇರುವುದೆಲ್ಲ ಹೊರಗಿನಿಂದ ಬಂದವು. ಏಷ್ಯಾ ಮೂಲದ 'ಜಂಪಿಂಗ್ ವರ್ಮ್' ಎಂಬುದಂತೂ ಮಣ್ಣನ್ನು ಕಾಫಿ ಚರಟದಂತೆ ಉದುರುದುರಾಗಿಸಿ ಬೇರಿಗೆ ಆಸರೆ ಇಲ್ಲದಂತೆ ಮಾಡುತ್ತದೆ. ದೊಡ್ಡ ಹುಳು ಚಳಿಗೆ ಸತ್ತರೂ ಸಾಸಿವೆಯಷ್ಟಿರುವ ಮೊಟ್ಟೆಗೂಡು ಮಣ್ಣಿನಲ್ಲಿ ಉಳಿದು ವಸಂತದಲ್ಲಿ ಮರಿಯಾಗುತ್ತದೆ. ಮುಟ್ಟಿದರೆ ಹಾವಿನಂತೆ ಹೊರಳಿ ಚಿಮ್ಮುವ ಹುಳು ಕಂಡರೆ ಹುಷಾರಾಗಿ. ಸ್ನೇಹಿತರಿಗೆ ತುಳಸಿ, ದೊಡ್ಡಪತ್ರೆ ಕೊಡುವಾಗ ಹಿತ್ತಲ ಮಣ್ಣಿನ ಸಮೇತ ಕೊಡದೆ ಬೇರು ತೊಳೆದು ಕೊಡಿ, ಇಲ್ಲವೇ ಕಡ್ಡಿ ಕೊಡಿ. ಎರೆಗೊಬ್ಬರದ ಆಸೆಗೆ ಹುಳು ತಂದು ತೋಟಕ್ಕೆ ಬಿಡಬೇಡಿ.

ಭರಣಿ: ಲಾನು, ಮತ್ತೆ ಒಂದಿಷ್ಟು ತಾಳ್ಮೆ

ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಇಲ್ಲಿ ಭರಣಿಗೆ ಧರಣಿಯೆಲ್ಲ ಕಳೆ. ಕ್ರ್ಯಾಬ್‌ಗ್ರಾಸ್ ಎಂಬ ಹುಲ್ಲುಕಳೆಯ ಬೀಜ ಮಣ್ಣು 55 ಡಿಗ್ರಿ (ಸುಮಾರು 13 ಸೆಲ್ಸಿಯಸ್) ದಾಟಿದ ಮೇಲೆ ಮೊಳೆಯುತ್ತದೆ. ಮೊಳಕೆ ತಡೆಯುವ ಪುಡಿ ಹಾಕುವುದಾದರೆ ಅದಕ್ಕೆ ಸ್ವಲ್ಪ ಮುಂಚೆ ಬೀಳಬೇಕು, ಮೊಳೆತ ಮೇಲೆ ಹಾಕಿದರೆ ದಂಡ. ಆದರೆ ಆ ಪುಡಿಗೆ ಕಳೆ ಬೀಜ ಯಾವುದು, ನೀವು ಹಾಕಿದ ಹುಲ್ಲಿನ ಬೀಜ ಯಾವುದು ಎಂಬ ಭೇದವಿಲ್ಲ. ಲಾನಿನ ಬೋಳು ಜಾಗಕ್ಕೆ ಹೊಸ ಬೀಜ ಚೆಲ್ಲಬೇಕೆಂದಿದ್ದರೆ ಅಲ್ಲಿ ಪುಡಿ ಹಾಕಬೇಡಿ. ಹೊಸ ಹುಲ್ಲಿಗೆ ಆಗಸ್ಟ್ ಕೊನೆಯೇ ಒಳ್ಳೆಯ ಕಾಲ. ವಸಂತದಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಗೊಬ್ಬರಕ್ಕೆ ಅವಸರ ಬೇಡ. ಹುಲ್ಲು ತಾನಾಗಿ ಹಸಿರಾಗಿ ಒಂದೆರಡು ಸಲ ಕತ್ತರಿಸಿದ ಮೇಲೆ ನೋಡೋಣ. ಚೀಲದ ಮೇಲಿನ ಮೂರು ಅಂಕಿಗಳಲ್ಲಿ ನಡುವಿನದು ಸೊನ್ನೆ ಇರಲಿ. ಅದು ರಂಜಕ. ಕೆರೆಗಳಲ್ಲಿ ಪಾಚಿ ಬೆಳೆಸುತ್ತದೆ ಎಂಬ ಕಾರಣಕ್ಕೆ ಮಿನೆಸೋಟಾ 2004ರಲ್ಲಿ ಟ್ವಿನ್ ಸಿಟೀಸ್‌ನಲ್ಲೂ 2005ರಿಂದ ರಾಜ್ಯವಿಡೀ ಲಾನಿಗೆ ರಂಜಕದ ಗೊಬ್ಬರವನ್ನು ಕಾನೂನಿನಿಂದ ನಿರ್ಬಂಧಿಸಿದೆ. ಹೊಸ ಲಾನು ಹಾಕುವವರಿಗೆ, ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ಮಾತ್ರ ವಿನಾಯಿತಿ. ಮಿನೆಸೋಟಾ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಮಣ್ಣು ಕಳಿಸಿದರೆ ವರದಿ ಕೊಡುತ್ತಾರೆ. ಮೂರು-ನಾಲ್ಕು ವರ್ಷಕ್ಕೊಮ್ಮೆ ಮಾಡಿಸಿ. ಕತ್ತರಿಸುವ ಯಂತ್ರದ ಅಲಗು ಹರಿತ ಮಾಡಿಸಿ, ಎತ್ತರ ಮೂರು ಇಂಚಿಗಿಡಿ. ಹುಲ್ಲು ಎತ್ತರವಿದ್ದಷ್ಟೂ ಕಳೆಗೆ ಬಿಸಿಲು ಸಿಗುವುದಿಲ್ಲ.

ಹಿತ್ತಲಿನಂಚಿನಲ್ಲಿ ಎಲ್ಲಕ್ಕಿಂತ ಮೊದಲು ಹಸಿರಾಗುವ ಪೊದೆ ಕಂಡರೆ ಅದು ಬಕ್‌ಥಾರ್ನ್ ಇರಬಹುದು. ಸುತ್ತಲ ಗಿಡಗಳಿಗೆ ಜಾಗ ಬಿಡದ ಪರದೇಶಿ ಪೊದೆ. ನೆಲ ಮೆತ್ತಗಿರುವ ಈಗ ಎಳೆಯವು ಬೇರುಸಹಿತ ಬರುತ್ತವೆ.

ಈ ಹೊತ್ತಿಗೆ ಒಂದು ವಾರ 70 ಡಿಗ್ರಿ ಬಿಸಿಲು ಬಂದು ನಿಮ್ಮನ್ನು ಮರುಳು ಮಾಡುವುದು ಖಂಡಿತ. ಟ್ವಿನ್ ಸಿಟೀಸ್‌ನಲ್ಲಿ 2018ರ ಏಪ್ರಿಲ್ 13ರಿಂದ 16ರವರೆಗೆ 15 ಇಂಚಿಗೂ ಹೆಚ್ಚು ಹಿಮ ಬಿದ್ದಿತ್ತು. ಅದನ್ನು ಕಂಡವರು ಏಪ್ರಿಲ್‌ನಲ್ಲಿ ಹಿಮದ ಸಲಿಕೆಯನ್ನು ಅಟ್ಟಕ್ಕೆ ಹಾಕುವುದಿಲ್ಲ.

ಕೃತ್ತಿಕೆ: ಸಸಿಗೆ ಹೊರಗಿನ ರೂಢಿ

ಮೇ 11ರ ಆಸುಪಾಸು. ಮನೆಯೊಳಗೆ ಬೆಳೆದ ಸಸಿ ಬಿಸಿಲು, ಗಾಳಿ ಕಂಡಿಲ್ಲ. ನೇರವಾಗಿ ನೆಟ್ಟರೆ ಎಲೆ ಬೆಳ್ಳಗೆ ಸುಟ್ಟುಹೋಗುತ್ತದೆ. ಏಳರಿಂದ ಹತ್ತು ದಿನ ಹೀಗೆ ರೂಢಿ ಮಾಡಿಸಿ:

1. ಮೊದಲೆರಡು ದಿನ ಒಂದೆರಡು ಗಂಟೆ, ಪೂರ್ತಿ ನೆರಳಲ್ಲಿ, ಗಾಳಿ ಬಡಿಯದ ಗೋಡೆಯ ಬದಿ.
2. ಮೂರನೆಯ ದಿನದಿಂದ ಬೆಳಗಿನ ಎಳೆ ಬಿಸಿಲು, ದಿನಕ್ಕೆ ಒಂದೊಂದು ಗಂಟೆ ಹೆಚ್ಚಿಸುತ್ತ.
3. ಒಂದು ವಾರದ ಹೊತ್ತಿಗೆ ಮಧ್ಯಾಹ್ನದ ಬಿಸಿಲು.
4. ರಾತ್ರಿ 50 ಡಿಗ್ರಿಗಿಂತ ಇಳಿಯದಿದ್ದರೆ ಕೊನೆಯ ಎರಡು ರಾತ್ರಿ ಹೊರಗೇ.

ಎರಡನೆಯ ದಿನವೇ ಆಫೀಸಿನ ಮೀಟಿಂಗಿನಲ್ಲಿ ಮೈಮರೆತು ಟ್ರೇಯನ್ನು ಸಂಜೆವರೆಗೆ ಬಿಸಿಲಲ್ಲೇ ಬಿಟ್ಟವಳು ನಾನು. ಫೋನಿನಲ್ಲಿ ಅಲಾರಂ ಇಡಿ.

ಮೇ ಎರಡನೆಯ, ಮೂರನೆಯ ವಾರದಲ್ಲಿ ಟೊಮೆಟೊ ನೆಡಬಹುದು, ರಾತ್ರಿಯ ಉಷ್ಣತೆ 50 ಡಿಗ್ರಿ (10 ಸೆಲ್ಸಿಯಸ್) ಮೇಲೇ ನಿಂತಿದ್ದರೆ. ಕೆಳಗಿನ ಎಲೆ ಕಿತ್ತು ಕಾಂಡದ ಮೂರನೆಯ ಎರಡು ಭಾಗ ಮಣ್ಣೊಳಗೆ ಹೋಗುವಂತೆ ನೆಡಿ, ಹೂತ ಕಾಂಡದುದ್ದಕ್ಕೂ ಬೇರೊಡೆಯುತ್ತದೆ. ಫ್ರಾಸ್ಟ್ ಸೂಚನೆ ಬಂದ ಸಂಜೆ ಹಳೆಯ ಬೆಡ್‌ಶೀಟ್, ಹತ್ತಿಯ ಸೀರೆ ಹೊದಿಸಿ, ಅಂಚು ನೆಲಕ್ಕೆ ಮುಟ್ಟಿ ಕಲ್ಲಿನ ಭಾರ ಬಿದ್ದಿರಲಿ. ಪ್ಲಾಸ್ಟಿಕ್ ಬೇಡ, ಎಲೆಗೆ ತಗಲಿದ ಕಡೆಯೆಲ್ಲ ಚಳಿ ದಾಟಿಸುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ತೆಗೆಯಿರಿ.

ಕುಂಡದ ಕರಿಬೇವು, ಮಲ್ಲಿಗೆ, ತುಳಸಿಗೂ ಇದೇ ನಿಯಮ. ಕರಿಬೇವು ಚಳಿಗಾಲವಿಡೀ ಒಳಗಿದ್ದು ಎಲೆ ಉದುರಿಸಿ ಕಡ್ಡಿಯಾಗಿ ನಿಂತಿದ್ದರೂ ಎಸೆಯಬೇಡಿ. ಉಗುರಿನಿಂದ ತೊಗಟೆ ಗೀರಿ, ಒಳಗೆ ಹಸಿರಿದ್ದರೆ ಜೀವವಿದೆ. ತುದಿ ಚಿವುಟಿ, ಮೇಲಿನ ಮಣ್ಣು ಬದಲಿಸಿ, ನೆರಳಿನಿಂದ ಬಿಸಿಲಿಗೆ ನಿಧಾನವಾಗಿ ತನ್ನಿ. ಹೊಸ ಗಿಡ ಬೇಕಾದರೆ ಮಿನೆಸೋಟಾದಲ್ಲೇ ಹುಡುಕಿ. ಕರಿಬೇವು ನಿಂಬೆ-ಕಿತ್ತಳೆಯ ನಂಟ. ಸಿಟ್ರಸ್ ಬೆಳೆ ಹಾಳುಮಾಡುವ ರೋಗ ಹರಡುವ ಸಿಲಿಡ್ ಎಂಬ ಸಣ್ಣ ಕೀಟ ಅದರ ಎಲೆಯ ಮೇಲೂ ಬದುಕುತ್ತದೆ. ಆದ್ದರಿಂದ ಫ್ಲಾರಿಡಾ, ಟೆಕ್ಸಾಸ್‌ನಂಥ ಕಡೆಗಳಿಂದ ಗಿಡ ಹೊರತರಲು ಕಟ್ಟುಪಾಡುಗಳಿವೆ. ಅತ್ತಿಗೆ ಕೊಟ್ಟಳು ಅಂತ ಕಾರಿನಲ್ಲಿ ಇಟ್ಟುಕೊಂಡು ಬರುವ ಹಾಗಿಲ್ಲ.

ಇದು ರಕ್ತ ಹೀರುವ ಉಣ್ಣೆ ಹುಳುವಿನ (ಟಿಕ್) ಕಾಲವೂ ಹೌದು. ಮಲೆನಾಡಿನವರಿಗೆ ಮಂಗನ ಕಾಯಿಲೆಯ ಉಣ್ಣೆಯ ಬಗ್ಗೆ ಹೇಳಬೇಕಾಗಿಲ್ಲ, ಇಲ್ಲಿನ ಉಣ್ಣೆ ತರುವುದು ಲೈಮ್ ಕಾಯಿಲೆ. ಉದ್ದ ಹುಲ್ಲಿನಲ್ಲಿ ಕೆಲಸ ಮಾಡಿ ಬಂದ ಮೇಲೆ ಮಕ್ಕಳ ಕಿವಿಯ ಹಿಂದೆ, ಮಂಡಿಯ ಸಂದು, ಸೊಂಟದ ಪಟ್ಟಿ ನೋಡಿ.

ಲೈಲಾಕ್ ಅರಳಿ ಬಾಡಿತೇ? ಈಗ ಸವರಿ.

ರೋಹಿಣಿ: ನಮ್ಮ ತರಕಾರಿಗಳ ಸರದಿ

ಓಕ್ ಎಲೆ ಅಳಿಲಿನ ಕಿವಿಯಷ್ಟಾದಾಗ ಮೆಕ್ಕೆಜೋಳ ಬಿತ್ತು ಎಂಬ ಮಾತು ಇಲ್ಲಿನ ರೈತರಲ್ಲಿದೆ. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎಂಬುದು ನಮ್ಮ ಕಡೆಯದು. ಬದನೆ, ಮೆಣಸು, ಬೆಂಡೆ, ಹೀರೆ, ಹಾಗಲ, ಸೋರೆ, ದಂಟಿನ ಸೊಪ್ಪು ಎಲ್ಲಕ್ಕೂ ಮಣ್ಣು 65 ಡಿಗ್ರಿಯಾದರೂ ಇರಬೇಕು. ತಣ್ಣನೆ ಮಣ್ಣಿನಲ್ಲಿ ನೆಟ್ಟ ಬದನೆ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಎರಡು ವಾರ ತಡವಾಗಿ ನೆಟ್ಟ ಗಿಡ ಅದನ್ನು ಹಿಂದೆ ಹಾಕುತ್ತದೆ. ಬೆಂಡೆಯ ಬೇರು ಕದಲಿದರೆ ಮುನಿಸಿಕೊಳ್ಳುತ್ತದೆ. ಬೀಜ ರಾತ್ರಿ ನೆನೆಸಿ ನೇರ ಬಿತ್ತಿ, ಇಲ್ಲವೇ ಮೂರು ವಾರ ಮುಂಚೆ ಕಾಗದದ ಲೋಟದಲ್ಲಿ ಮೊಳೆಸಿ ಲೋಟದ ತಳ ಹರಿದು ಹಾಗೇ ಇಳಿಸಿ. ಹೊದಿಕೆಯ ಹುಲ್ಲು ಅಥವಾ ತೊಗಟೆ ಚೂರನ್ನು ನೆಲ ಚೆನ್ನಾಗಿ ಕಾದ ಮೇಲಷ್ಟೇ ಹಾಸಿ. ಬೇಗ ಹಾಸಿದರೆ ತಂಪನ್ನು ಮುಚ್ಚಿಟ್ಟಂತೆ.

ಇನ್ನು ಅವರೆಕಾಯಿ. ಇಲ್ಲಿನ ಪ್ರತಿಯೊಬ್ಬ ಕನ್ನಡಿಗನೂ ಒಮ್ಮೆಯಾದರೂ ಅವರೆ ಹಾಕಿ ಸೋತಿರುತ್ತಾನೆ. ನನ್ನ ಚಪ್ಪರ ಆಗಸ್ಟ್ ಹೊತ್ತಿಗೆ ಗ್ಯಾರೇಜಿನ ಸೂರು ಮುಟ್ಟಿತ್ತು. ನೋಡಿದವರೆಲ್ಲ ಹೊಗಳಿದರು. ಹೂ ಇಲ್ಲ. ಸೆಪ್ಟೆಂಬರ್ ನಡುವೆ ಮೊದಲ ಮೊಗ್ಗು, ಅಕ್ಟೋಬರ್ ಮೊದಲ ವಾರ ಫ್ರಾಸ್ಟ್, ಕಥೆ ಮುಗಿಯಿತು. ಗೊಬ್ಬರ ಹೆಚ್ಚಾಯಿತೇ, ನೀರು ಕಡಿಮೆಯಾಯಿತೇ ಎಂದು ತಲೆ ಕೆಡಿಸಿಕೊಂಡಿದ್ದೆ. ತಪ್ಪು ಎರಡರದ್ದೂ ಅಲ್ಲ, ಹಗಲಿನದ್ದು. ಸೊಗಡಿನ ಅವರೆ ನಮ್ಮಲ್ಲಿ ಮಾರ್ಗಶಿರ-ಪುಷ್ಯದ ಬೆಳೆ, ಹಗಲು ಕುಗ್ಗಿದಾಗಲೇ ಅದಕ್ಕೆ ಹೂವಿನ ನೆನಪು. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೇ 13 ಗಂಟೆಗೆ ತುಸು ಕಡಿಮೆ. ಮಿನಿಯಾಪೊಲಿಸ್‌ನಲ್ಲಿ ಜೂನ್ ಹಗಲು 15 ಗಂಟೆ 30 ನಿಮಿಷಕ್ಕೂ ಹೆಚ್ಚು. ಬಳ್ಳಿ ಪಾಪ, ಇನ್ನೂ ಕಾಲ ಬಂದಿಲ್ಲ ಎಂದು ಎಲೆ ಬಿಡುತ್ತಲೇ ಇರುತ್ತದೆ.

ಪರಿಹಾರ ತಳಿಯಲ್ಲಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಉದ್ದಕ್ಕೆ ಕಾಯದೆ, ಗಿಡ್ಡವಾಗಿಯೇ ಇದ್ದು ಬೇಗ ಕಾಯಿ ಬಿಡುವಂಥವು. ಹಾಗೆಂದು ಊರಿಂದ ಬರುವಾಗ ಬೀಜವನ್ನು ಸೀರೆ ಮಡಿಕೆಯಲ್ಲಿಟ್ಟು ತರಬೇಡಿ. ಅಮೆರಿಕಕ್ಕೆ ಬಿತ್ತನೆ ಬೀಜ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಇಲ್ಲವೇ ಸಣ್ಣ ಪ್ರಮಾಣಕ್ಕೆಂದೇ ಇರುವ ಪರವಾನಗಿ. ಇಲ್ಲಿನ ಬೀಜದಂಗಡಿಗಳಲ್ಲಿ ಕೊಳ್ಳುವಾಗ 'ಹಗಲಿನ ಉದ್ದಕ್ಕೆ ಸಂಬಂಧವಿಲ್ಲದ ಗಿಡ್ಡ ತಳಿ' ಎಂದು ಚೀಟಿಯಲ್ಲಿ ಬರೆದಿದೆಯೇ ನೋಡಿ. ನೇರಳೆ ಹೂವಿನ ಅಲಂಕಾರದ ಜಾತಿಯನ್ನು ತಿನ್ನಲೆಂದು ಬೆಳೆಯಬೇಡಿ, ಅದರ ಒಣ ಕಾಳು ಸರಿಯಾಗಿ ಬೇಯಿಸದಿದ್ದರೆ ವಿಷ. ಹುಣಿಸೆಹಣ್ಣಿನ ಗೊಜ್ಜಿಗೆ ಹಾಗಲ, ಹುಳಿಗೆ ಬದನೆ, ಮಜ್ಜಿಗೆಹುಳಿಗೆ ಸೋರೆ ಇಲ್ಲಿ ಚೆನ್ನಾಗಿಯೇ ಬರುತ್ತವೆ.

ಜೂನ್ 8ರ ಸುಮಾರಿಗೆ ಮೃಗಶಿರೆ ಹುಟ್ಟುವ ಹೊತ್ತಿಗೆ ಅಶ್ವಿನಿಯ ಮೆಂತ್ಯ ಎರಡು ಸಲ ಕೊಯ್ದಾಗಿರುತ್ತದೆ, ಬಟಾಣಿ ಹೂ ಬಿಟ್ಟಿರುತ್ತದೆ. ಫ್ರಾಸ್ಟಿಗೆ ಹೊದಿಸಿದ ಸೀರೆ, ಬೆಡ್‌ಶೀಟುಗಳನ್ನು ಒಗೆದು ಒಣಗಿಸಿ ಗ್ಯಾರೇಜಿನಲ್ಲಿ ಕೈಗೆ ಸಿಗುವ ಗೂಟಕ್ಕೇ ನೇತು ಹಾಕಿ. ಸೆಪ್ಟೆಂಬರ್ ಕೊನೆಗೆ, ಹಸ್ತಾ ಮಳೆಯ ಹೊತ್ತಿಗೆ, ಕತ್ತಲಲ್ಲಿ ಅವನ್ನು ಹುಡುಕುವ ಪ್ರಸಂಗ ಬರುತ್ತದೆ.